ಏರದ ಗೆರೆ

೨೦೫೮ನೆಯ ಇಸವಿ ಜೂನ್ ಹದಿನಾಲ್ಕರ ಮುಂಜಾನೆ ಮೇಲ್ದಂಡೆ ಕಾಲುವೆಯ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಆರುನೂರ ಹನ್ನೆರಡು ಗೆರೆಗಳಿದ್ದವು. ಅವುಗಳಲ್ಲಿ ಆರುನೂರ ಹನ್ನೊಂದು ಏರಿದವು. ಒಂದು ಏರಲಿಲ್ಲ.

ಪರೀಕ್ಷಕ ಚನ್ನಮಲ್ಲಪ್ಪ ಇಟಗಿಯವರು ಆ ಒಂದನ್ನು ನೋಡುತ್ತ ಕುಳಿತರು. ಪ್ರತಿಯೊಂದು ಗೆರೆಯೂ ಒಬ್ಬ ನೀರಗಂಟಿಯದು. ಕಾಲುವೆಯ ತೂಬುಗಳನ್ನು ಸರದಿಯಂತೆ ಎತ್ತಿ ಇಳಿಸುವುದು ಇವರ ಕೆಲಸ. ಹನ್ನೊಂದು ವರ್ಷಗಳ ಹಿಂದೆ, ಸರದಿ ತಪ್ಪಿಸಿ ನೀರು ಮಾರುವವರ ಹಾವಳಿ ಮಿತಿಮೀರಿದಾಗ, ಸರ್ಕಾರ ಅವರೆಲ್ಲರ ಮುಂಗೈಗೆ ಒಂದೊಂದು ಬಳೆ ತೊಡಿಸಿತು. ಅದರ ಅಧಿಕೃತ ಹೆಸರು ನಿಷ್ಠಾಮಾಪಕ. ಜನ ಅದನ್ನು ಅಂಜುಬಳೆ ಎಂದು ಕರೆದರು. ಆ ಹೆಸರೇ ಉಳಿಯಿತು.

ಬಳೆಯ ತತ್ತ್ವ ಸರಳವಾದದ್ದು. ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಎರಡು ಪುಟ್ಟ ಗ್ರಂಥಿಗಳು ಕುಳಿತಿವೆ. ವೈದ್ಯರು ಅವನ್ನು ಅಡ್ರಿನಲ್ ಗ್ರಂಥಿಗಳು ಎನ್ನುತ್ತಾರೆ. ಮನುಷ್ಯ ಅಂಜಿದಾಗ ಅವು ನೆತ್ತರಿಗೆ ಕಾರ್ಟಿಸಾಲ್ ಎಂಬ ರಸವನ್ನು ಬಿಡುತ್ತವೆ. ಅದರ ಅಂಶ ಬೆವರಿಗೂ ಇಳಿಯುತ್ತದೆ. ಬಳೆ ಆ ಬೆವರನ್ನು ಓದಿ ಗೋಡೆಗೆ ಕಳಿಸುತ್ತದೆ. ಕದ್ದು ತೂಬು ಎತ್ತುವವನ ಕೈ ನಡುಗದೆ ಇರಬಹುದು. ಬೆವರು ಬಾಯಿಬಿಡದೆ ಇರದು.

ಆದರೆ ಕಳ್ಳನದಷ್ಟೇ ಅಲ್ಲ, ಸಾಧುವಿನ ಗೆರೆಯೂ ಬೆಳಗಾಗುವ ಹೊತ್ತಿಗೆ ಏರುತ್ತದೆ. ಎದ್ದು ದುಡಿಯುವುದಕ್ಕೆ ದೇಹ ತಾನಾಗಿ ಸಜ್ಜಾಗುವ ಏರು ಅದು. ಹದಿನೇಳನೆಯ ತೂಬಿನ ದ್ಯಾಮಣ್ಣ ತಳವಾರನ ಗೆರೆ ಆ ಏರನ್ನೂ ಏರದೆ ನೆಲಕ್ಕೆ ಅಂಟಿಕೊಂಡಿತ್ತು. ಯಂತ್ರಕ್ಕೆ ಇದರಲ್ಲಿ ದೋಷ ಕಾಣಲಿಲ್ಲ. ಏರನ್ನು ಹಿಡಿಯುವುದಕ್ಕೆಂದು ಕಟ್ಟಿದ ಯಂತ್ರ ಅದು. ಏರದವನ ಹೆಸರಿನ ಮುಂದೆ ಹಸಿರು ಗುರುತಿಟ್ಟು 'ಅಚಲ' ಎಂದು ಬರೆಯುತ್ತಿತ್ತು.

"ಸರ, ದ್ಯಾಮಣ್ಣಗ ಈ ಸಲ ಬಂಗಾರದ ಅಕ್ಷರ ಪಕ್ಕಾ" ಎಂದಳು ಪಕ್ಕದ ಮೇಜಿನ ರೇಣುಕಾ ಅಣ್ಣಿಗೇರಿ. ಮೂವತ್ತು ದಿನ ಹಸಿರಾಗಿ ಉಳಿದವರ ಹೆಸರನ್ನು ಹೊರಗಿನ ಪಡಸಾಲೆಯ ಗೌರವ ಫಲಕದಲ್ಲಿ ಬಂಗಾರದ ಬಣ್ಣದಲ್ಲಿ ಬರೆಸುವುದು ಇಲಾಖೆಯ ಪದ್ಧತಿ. "ಇವತ್ತಿಗೆ ಇಪ್ಪತ್ತೊಂಬತ್ತು ದಿನ ಆತು."

"ಮನುಷ್ಯಾ ಅಂದಮ್ಯಾಲ ಹೆಂಡ್ತಿ ಬೈದಾಗರೆ ಒಂದೀಟು ಏರಬೇಕಲ್ಲವಾ?"

"ಏರಿದ್ರೂ ಸಂಶಯ, ಏರದಿದ್ರೂ ಸಂಶಯ. ನಿಮಗೊಂದು ಬಳಿ ಹಾಕಿದ್ರ ಗೊತ್ತಾಗ್ತಿತ್ತು ನೋಡ್ರಿ" ಎಂದು ರೇಣುಕಾ ನಕ್ಕಳು. ಪರೀಕ್ಷಕರಿಗೆ ಬಳೆ ಇರಲಿಲ್ಲ.

ಇಟಗಿಯವರು ನಗಲಿಲ್ಲ. ಅವರ ಸಂಶಯಕ್ಕೆ ಆಧಾರವಿತ್ತು. ದಮ್ಮಿನ ರೋಗಿಗಳಿಗೆ ಕೊಡುವ ಸ್ಟೆರಾಯ್ಡಿನ ಬಿಳಿ ಗುಳಿಗೆಯೊಂದಿದೆ. ಅದನ್ನು ದಿನವೂ ನುಂಗಿದರೆ ಅಡ್ರಿನಲ್ ಗ್ರಂಥಿಗಳು ತಮಗೆ ಕೆಲಸವಿಲ್ಲವೆಂದು ಸುಮ್ಮನಾಗುತ್ತವೆ, ಗೆರೆ ಮಲಗುತ್ತದೆ. ಈ ಉಪಾಯ ಮಾಡಿದ ಮೂವರು ನೀರಗಂಟಿಗಳನ್ನು ಇಟಗಿಯವರು ಹಿಡಿದು ಮನೆಗೆ ಕಳಿಸಿದ್ದರು. ಇದಲ್ಲದೆ ಹದಿನೇಳನೆಯ ತೂಬು ಹೊತ್ತಿಗೆ ಸರಿಯಾಗಿ ಏಳುತ್ತಿಲ್ಲ, ಕಾಲುವೆಯ ತುದಿಯ ಹೊಲಗಳಿಗೆ ನೀರು ತಡವಾಗಿ ಮುಟ್ಟುತ್ತಿದೆ ಎಂಬ ದೂರೂ ಬಂದಿತ್ತು. ತಡವಾಗಿ ಏಳುವ ತೂಬು, ಏರದ ಗೆರೆ. ಎರಡನ್ನೂ ಕೂಡಿಸಿದರೆ ಬರುವ ಮೊತ್ತ ಅವರಿಗೆ ಸ್ಪಷ್ಟವಾಗಿತ್ತು.

ಮರುದಿನ ಇಲಾಖೆಯ ಗಾಡಿಯಲ್ಲಿ ಹೇಳದೆ ಕೇಳದೆ ಹೋದರು.

ತೂಬಿಗೆ ಹೊಂದಿಕೊಂಡೇ ದ್ಯಾಮಣ್ಣನ ಮನೆ. ಅವನ ಹೆಂಡತಿ ಫಕೀರವ್ವ ಇವರನ್ನು ಕಂಡದ್ದೇ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದಳು.

"ಬರ್ರಿ ಸಾಹೇಬ್ರ, ಕೂಡ್ರಿ. ಹೊತ್ತಿಗೆ ಸರಿಯಾಗಿ ಬಂದೀರಿ. ಬಿಸಿ ರೊಟ್ಟಿ, ಬದ್ನಿಕಾಯಿ ಪಲ್ಯ ಐತಿ."

"ಉಣ್ಣಂಗಿಲ್ಲಬೇ. ತಪಾಸಣಿಗೆ ಬಂದೀನಿ. ಕಾಯ್ದೆ ಐತಿ."

"ಕಾಲುವಿ ಒಡದಾಗ ಇದ ಕಟ್ಟಿ ಮ್ಯಾಲ ನಾಕು ದಿನ ಕುಂತು ಉಂಡಿದ್ರಿ. ಆವತ್ತು ಇಲ್ಲದ ಕಾಯ್ದೆ ಇವತ್ತೆಲ್ಲಿಂದ ಹುಟ್ಟಿತು?" ಎಂದು ಅವಳು ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡಳು. "ಉಣ್ಣದಿದ್ರ ಬ್ಯಾಡ, ನಮ್ಮ ಮನಿಯವ್ರಿಗರೆ ಒಂದು ಮಾತು ಹೇಳಿಹೋಗ್ರಿ. ಎಷ್ಟು ಉಪ್ಪು ಹಾಕಿದ್ರೂ ಸಪ್ಪಗೈತಿ ಅಂತಾರ. ಉಪ್ಪಿನಕಾಯಿ ಭರಣಿಯಾಗಿನ ಉಪ್ಪುನೀರು ಕುಡದು ಖಾಲಿ ಮಾಡ್ಯಾರ. ಊಟ ಮಾತ್ರ ಹಕ್ಕಿ ಉಂಡಂಗ."

ಇಟಗಿಯವರು ಇದನ್ನು ಕೇಳಿಸಿಕೊಂಡು ಮನಸ್ಸಿನಲ್ಲೇ ಇಟ್ಟುಕೊಂಡರು. ಕೇಳದೆ ಬಂದ ವಿವರಣೆಯನ್ನು ಅವರು ಎಂದೂ ನಂಬಿದವರಲ್ಲ.

ದ್ಯಾಮಣ್ಣ ತೂಬಿನ ಚಕ್ರದ ಬಳಿ ಇದ್ದ. ಇಟಗಿಯವರು ಗೋಡೆಯ ಮರೆಯಲ್ಲಿ ನಿಂತರು. ಮೊದಲು ಒಂದೇ ಉಸಿರಿಗೆ ಚಕ್ರ ತಿರುಗಿಸುತ್ತಿದ್ದ ಆಳು ಈಗ ನಾಲ್ಕು ಸುತ್ತಿಗೆ ಒಮ್ಮೆ ನಿಂತು ಕಂಬಕ್ಕೆ ಒರಗುತ್ತಿದ್ದ. ಕುತ್ತಿಗೆಯ ಎಲುಬುಗಳು ಎದ್ದು ಕಾಣುತ್ತಿದ್ದವು. ಮುಖ ಬಿಸಿಲಿಗೂ ಮೀರಿ ಕಪ್ಪಿಟ್ಟಿತ್ತು. ಅವನು ಆಚೀಚೆ ನೋಡಿದ. ಸೊಂಟದ ಚಂಚಿಯಿಂದ, ಎಲೆ ಅಡಿಕೆಯ ಮಂದಿ ಇಟ್ಟುಕೊಳ್ಳುವಂಥ ಸುಣ್ಣದ ಡಬ್ಬಿಯನ್ನು ತೆಗೆದ. ಮುಚ್ಚಳ ಬಿಚ್ಚಿ, ಒಂದು ಚಿಟಿಕೆ ಬಿಳಿ ಪುಡಿಯನ್ನು ನಾಲಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ.

"ಏನದು ದ್ಯಾಮಣ್ಣ?"

ಅವನು ಬೆಚ್ಚಿದ. ನಿಯಂತ್ರಣ ಕೊಠಡಿಯ ಗೋಡೆಯ ಮೇಲಿನ ಗೆರೆ ಆಗಲೂ ಏರಲಿಲ್ಲವೆಂದು ಇಟಗಿಯವರಿಗೆ ಆಮೇಲೆ ತಿಳಿಯಿತು.

"ಉಪ್ಪುರೀ ಸಾಹೇಬ್ರ."

"ಉಪ್ಪಾದ್ರ ಕದ್ದು ಯಾಕ ತಿಂತಿ?"

"ಮಂದಿ ನಗ್ತಾರ್ರೀ. ಬಸುರಿ ಹೆಂಗಸಿನಂಗ ಬಯಕಿ ಹತ್ತೈತಿ ಅಂತಾರ. ಇದು ಬಾಯಾಗಿದ್ರ ಕಣ್ಣಿಗೆ ಕತ್ತಲಿ ಬರೂದಿಲ್ರೀ."

ಗಂಡ ಹೆಂಡಿರಿಬ್ಬರೂ ಉಪ್ಪನ್ನೇ ಹೇಳಿದರು. ಬೇರೆಯವರಾಗಿದ್ದರೆ ಎರಡು ಸಾಕ್ಷಿ ಒಂದಾದವೆಂದು ನಂಬುತ್ತಿದ್ದರು. ಇಟಗಿಯವರಿಗೆ ಅದು ಮೊದಲೇ ಕೂತು ಕಟ್ಟಿದ ಮಾತೆಂದು ತೋರಿತು. ಗುಳಿಗೆಯನ್ನು ಅರೆದರೆ ಪುಡಿ ಬೆಳ್ಳಗೇ ಇರುತ್ತದೆ. ಡಬ್ಬಿಯನ್ನು ಚೀಲದಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿದರು.

ಫಕೀರವ್ವ ಓಡಿ ಬಂದಳು. "ಏ ಸಾಹೇಬ್ರ! ಸೀಲ್ ಯಾಕ ಮಾಡ್ತೀರಿ? ನಾಲಿಗಿ ಮ್ಯಾಲ ಒಂದು ಹಳಕು ಇಟ್ಟು ನೋಡ್ರಲಾ. ನಿಮ್ಮ ನಾಲಿಗಿಗೇನು ಕಾಯ್ದೆ ಐತಿ?"

"ಸಾಕ್ಷಿ ತಿನ್ನೂದಲ್ಲಬೇ" ಎಂದರು ಇಟಗಿಯವರು.

ಮಾತು ನಿಯಮಕ್ಕೆ ಸರಿಯಾಗಿಯೇ ಇತ್ತು. ಮುದ್ರೆ ಬಿದ್ದ ವಸ್ತುವನ್ನು ಪ್ರಯೋಗಾಲಯದವರಲ್ಲದೆ ಬೇರೆ ಯಾರೂ ಮುಟ್ಟಬಾರದು. ಮುದ್ರೆ ಬೀಳುವ ಮುನ್ನವೂ ಇಲಾಖೆಯಲ್ಲಿ ಯಾರೂ ನಾಲಗೆಯನ್ನು ಉಪಕರಣವೆಂದು ಬಳಸಿದ ಉದಾಹರಣೆ ಇರಲಿಲ್ಲ.

ದ್ಯಾಮಣ್ಣನನ್ನು ತಪಾಸಣಾ ಗೃಹಕ್ಕೆ ತಂದರು. ಅಲ್ಲಿಯ ಕ್ರಮ ಹೀಗೆ: ಎರಡು ದಿನ ಹೊರಗಿನ ವಸ್ತು ಯಾವುದೂ ಒಳಕ್ಕೆ ಬರಕೂಡದು. ಗುಳಿಗೆ ನುಂಗುವವನಾದರೆ ಅಷ್ಟರಲ್ಲಿ ಗೆರೆ ತಲೆ ಎತ್ತುತ್ತದೆ. ಬೆವರಿನ ಓದು ಕದಡಬಾರದೆಂದು ಊಟಕ್ಕೆ ಉಪ್ಪು ಹಾಕುವುದಿಲ್ಲ. ಮಧ್ಯೆ ಮಧ್ಯೆ ಪ್ರಶ್ನೆಗಳು.

"ಯಾರ ಕಡಿಂದ ತಗೊಂಡಿ?"

"ಸಂತ್ಯಾಗ ಕೊಂಡದ್ದುರೀ. ಎಲ್ಲಾರೂ ಕೊಳ್ಳೂ ಉಪ್ಪ."

"ತೂಬು ಯಾಕ ತಡಾ ಎತ್ತಿದಿ?"

"ಎತ್ತಾಕ ಆಗವಲ್ದುರೀ ಸಾಹೇಬ್ರ. ತೋಳಾಗ ಕಸುವಿಲ್ಲ." ಒಣಗಿದ ತುಟಿ ಸವರಿಕೊಂಡು, "ಒಂದು ಚಿಟಿಕಿ ಉಪ್ಪು ಕೊಡಸ್ತೀರೇನ್ರೀ?" ಎಂದ.

ಕೊಡಿಸಲಿಲ್ಲ.

ಆ ಸಂಜೆ ಮನೆಯಲ್ಲಿ ಇಟಗಿಯವರು ಊಟಕ್ಕೆ ಕುಳಿತರು. ಅವರ ಹೆಂಡತಿ ಗಿರಿಜಾ ಎದುರಿಗೆ ಕುಳಿತು ಅವರ ಬಾಯನ್ನೇ ನೋಡುತ್ತಿದ್ದಳು. ಅವರು ಅನ್ನ ಮುಗಿಸಿ ಮಜ್ಜಿಗೆಗೆ ಕೈಚಾಚಿದಾಗ ಅವಳು ಕೇಳಿದಳು:

"ಸಾರು ಹೆಂಗಿತ್ತು?"

"ಛಲೋ ಇತ್ತು."

"ಉಪ್ಪು ಹಾಕೂದು ಮರತಿದ್ದೆ. ಮೊದಲನೇ ತುತ್ತಿಗೆ ಬೈತೀರಿ ಅಂತ ಕಾಯ್ಕೊಂಡು ಕುಂತೆ. ತಾಟು ತೊಳದಂಗ ಉಂಡೀರಿ. ಯಾವ ಲೋಕದಾಗಿದ್ರಿ?"

ಇಟಗಿಯವರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ತಟ್ಟೆಯ ಅಂಚಿನಲ್ಲಿ ಉಳಿದ ಸಾರಿಗೆ ಬೆರಳು ತಾಗಿಸಿ ಬಾಯಿಗೆ ಇಟ್ಟರು. ಸಪ್ಪಗಿತ್ತು. ಮೊದಲ ಬಾರಿಗೆ ಅವರಿಗೆ ತಮ್ಮ ಮೇಲೆಯೇ ಒಂದು ಸಣ್ಣ ಸಂಶಯ ಹುಟ್ಟಿತು. ಅದನ್ನು ಮಜ್ಜಿಗೆಯೊಂದಿಗೆ ಕುಡಿದು ಎದ್ದರು.

ಎರಡನೆಯ ದಿನ ಮಧ್ಯಾಹ್ನ ತಪಾಸಣಾ ಗೃಹದ ಗಾಜಿನ ಆಚೆ ದ್ಯಾಮಣ್ಣ ಎದ್ದು ನಿಲ್ಲಲು ಹೋಗಿ ಮೇಜಿನ ಅಂಚು ಹಿಡಿದ. ವಾಂತಿ ಮಾಡಿಕೊಂಡ. ಮರುಕ್ಷಣ ನೆಲದ ಮೇಲಿದ್ದ. ಮೈ ತಣ್ಣಗಿತ್ತು, ನಾಡಿ ಬೆರಳಿಗೆ ಸಿಗುತ್ತಿರಲಿಲ್ಲ. ಒಳಗೆ ಓಡಿದ ಇಟಗಿಯವರು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಲ್ಲಿಯ ಗೋಡೆಯ ಮೇಲೂ ಮೂಡುತ್ತಿದ್ದ ಅವನ ಗೆರೆಯ ಕಡೆ ನೋಡಿದರು. ಸಾಯುವ ಮೃಗವೂ ಕೊನೆಗೊಮ್ಮೆ ಅಂಜುತ್ತದೆ. ಗೆರೆ ಕದಲಲಿಲ್ಲ. ಅದರ ಮುಂದೆ ಹಸಿರು ಗುರುತು ಇನ್ನೂ ಉರಿಯುತ್ತಿತ್ತು: ಅಚಲ.

ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಡಾಕ್ಟರ್ ನಸೀಮಾ ಮುಲ್ಲಾ ಮೊದಲು ರೋಗಿಯ ಕೈಯನ್ನು ಹೊರಳಿಸಿ ಅಂಗೈ ನೋಡಿದರು. ಗೆರೆಗಳೆಲ್ಲ ಮಸಿಯಲ್ಲಿ ಎಳೆದಂತೆ ಕಪ್ಪಾಗಿದ್ದವು. ತುಟಿ ಸರಿಸಿದರು. ಒಸಡೂ ಹಾಗೆಯೇ ಇತ್ತು.

"ಇವರಿಗೆ ಏನು ಕೊಟ್ರಿ?"

"ಏನೂ ಕೊಟ್ಟಿಲ್ಲರೀ. ಉಪ್ಪು ಸುದ್ದಾ ಕೊಟ್ಟಿಲ್ಲ."

ವೈದ್ಯೆ ತಲೆ ಎತ್ತಿ ಅವರನ್ನು ನೋಡಿದರು. ಒಂದು ಕೈಗೆ ಉಪ್ಪುನೀರಿನ ಬಾಟಲಿ ಏರಿತು, ಇನ್ನೊಂದಕ್ಕೆ ಚುಚ್ಚುಮದ್ದು. ಕತ್ತಲಾಗುವ ಮೊದಲು ದ್ಯಾಮಣ್ಣ ಕಣ್ಣು ತೆರೆದು ಹೆಂಡತಿಯ ಹೆಸರು ಹೇಳಿದ. ಆ ಚುಚ್ಚುಮದ್ದಿನಲ್ಲಿದ್ದದ್ದು ಅಡ್ರಿನಲ್ ಗ್ರಂಥಿಗಳು ತಾವೇ ಮಾಡಬೇಕಾಗಿದ್ದ ರಸ. ಅದೇ ಹೊತ್ತಿಗೆ ಪ್ರಯೋಗಾಲಯದಿಂದ ಡಬ್ಬಿಯ ವರದಿಯೂ ಬಂತು: ಅಡುಗೆಯ ಉಪ್ಪು; ಬೇರೇನೂ ಇಲ್ಲ.

ಇಟಗಿಯವರು ಕೊಠಡಿಗೆ ಮರಳಿ ಒಂದು ಕೆಲಸ ಮಾಡಿದರು. ನಿಯಮದಂತೆ ಗೋಡೆಯ ಮೇಲೆ ಏಳು ದಿನದ ಗೆರೆ ಮಾತ್ರ ಇರುತ್ತದೆ. ಹಿಂದಿನದು ಬೇಕಾದರೆ ಕೇಳಿ ತರಿಸಬೇಕು. ಅವರು ಎಂದೂ ಕೇಳಿರಲಿಲ್ಲ. ಈಗ ಆರು ತಿಂಗಳಿನದನ್ನು ತರಿಸಿದರು. ಗುಳಿಗೆ ನುಂಗಿದವನ ಗೆರೆ ಕತ್ತರಿಸಿದಂತೆ ಒಮ್ಮೆಗೇ ಬೀಳುತ್ತದೆ. ದ್ಯಾಮಣ್ಣನದು ಬೇಸಿಗೆಯ ಬಾವಿಯ ನೀರಿನಂತೆ ದಿನಕ್ಕಿಷ್ಟೆಂದು ಇಳಿದಿತ್ತು. ಗುಳಿಗೆ ನುಂಗಿದ ಆ ಮೂವರ ಮುಖ ಊದಿ ಗುಂಡಗಾಗಿತ್ತು, ಇವನದು ಬತ್ತಿತ್ತು. ಐದರಲ್ಲಿ ಐದು ಕಳೆದರೂ ಸೊನ್ನೆ. ಚೀಲದಲ್ಲಿ ಏನೂ ಇಲ್ಲದಿದ್ದರೂ ಸೊನ್ನೆ. ಯಾರೋ ಕಳೆದಿದ್ದಾರೆಂದೇ ಅವರು ಲೆಕ್ಕ ಹಿಡಿದಿದ್ದರು. ಚೀಲವನ್ನು ಬಿಚ್ಚಿ ನೋಡಿರಲಿಲ್ಲ.

ವಾರದ ಮೇಲೆ ಡಾಕ್ಟರ್ ಮುಲ್ಲಾ ಇಟಗಿಯವರನ್ನು ಕರೆಸಿ ದ್ಯಾಮಣ್ಣನ ಹೊಟ್ಟೆಯ ಒಳಚಿತ್ರ ತೋರಿಸಿದರು.

"ಇಲ್ಲಿ ಇಷ್ಟಿಷ್ಟೇ ಇರಬೇಕಾದ ಗ್ರಂಥಿ. ಎರಡೂ ನಿಂಬಿಹಣ್ಣಿಗಿಂತ ದೊಡ್ಡವಾಗ್ಯಾವ. ಒಳಗ ಲಿಂಫೋಮಾ, ಬಿಳಿ ರಕ್ತಕಣದ ಕ್ಯಾನ್ಸರ್. ಸಾಮಾನ್ಯವಾಗಿ ಕುತ್ತಿಗಿ, ಕಂಕುಳದ ಗಂಟಿನೊಳಗ ಹುಟ್ತದ. ಅಡ್ರಿನಲ್‌ನೊಳಗ ಹುಟ್ಟೂದು ಬಹಳ ಅಪರೂಪ."

"ಹುಟ್ಟಿದ್ದು ಯಾತರಿಂದ್ರೀ?"

"ಸೂಜಿಯಿಂದ ತಗದ ಚೂರಿನೊಳಗ ಕ್ಯಾನ್ಸರಿನ ಕಣಗಳ ತುಂಬ ಎಪ್‌ಸ್ಟೀನ್-ಬಾರ್ ಅನ್ನೋ ವೈರಾಣುವಿನ ಗುರುತು ಸಿಕ್ಕದ. ಅದೇನು ಹೊರಗಿಂದ ನಿನ್ನೆ ಬಂದದ್ದಲ್ಲ. ಸಣ್ಣವರಿದ್ದಾಗ ಎಂಜಲದಿಂದ ಬರ್ತದ, ಆಮ್ಯಾಲ ಜೀವನಪೂರ್ತಿ ಒಳಗ ಮಲಗಿರ್ತದ. ನಿಮ್ಮೊಳಗೂ ಅದ, ನನ್ನೊಳಗೂ ಅದ."

"ಅವನೊಳಗ ಎಬ್ಬಿಸಿದವರು ಯಾರು?"

ವೈದ್ಯೆ ಕನ್ನಡಕ ತೆಗೆದಿಟ್ಟರು. "ಅದನ್ನ ನೀವು ಕೇಳ್ತೀರಿ ಅಂತ ಗೊತ್ತಿತ್ತು. ವಯಸ್ಸು ಎಬ್ಬಿಸಬಹುದು. ಮೈಯಾಗಿನ ರಕ್ಷಣಾ ಶಕ್ತಿ ಕುಂದಿದ್ರ ಏಳಬಹುದು. ವರ್ಷಗಟ್ಟಲೆ ಅಂಜಿಕೊಂಡು ಬದುಕಿದವರೊಳಗೂ ಅದು ಎಚ್ಚರಾಗೂದು ಕಂಡದ. ಆದ್ರ ಆ ಅಂಜಿಕಿಯಿಂದಲೇ ಈ ಗಂಟು ಅಂತ ನಾನು ಬರದುಕೊಡಲಾರೆ. ಒಬ್ಬ ರೋಗಿ ಸಾಲೂದಿಲ್ಲ."

"ಎಷ್ಟು ಬೇಕು?"

"ಲೆಕ್ಕದವರು ನೀವು. ಕೋಟಿ ಮಂದಿಯೊಳಗ ಬೆರಳೆಣಿಕೆಯಷ್ಟು ಜನಕ್ಕ ಬರೋ ರೋಗ. ಆರುನೂರು ಮಂದಿಯೊಳಗ ಎಷ್ಟಾದ್ರ ಸಂಶಯ ಪಡಬೇಕು, ನೀವೇ ಹೇಳ್ರಿ."

ಇಟಗಿಯವರು ಕಚೇರಿಗೆ ಬಂದಾಗ ಪಡಸಾಲೆಯಲ್ಲಿ ಬಣ್ಣದವನು ಏಣಿಯ ಮೇಲಿದ್ದ. ಬಳೆ ಆಸ್ಪತ್ರೆಯಲ್ಲೂ ದ್ಯಾಮಣ್ಣನ ಕೈಯಲ್ಲೇ ಇತ್ತು. ಗ್ರಂಥಿಗಳು ಬಿಡುವ ರಸವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಮದ್ದಾಗಿ ಬಂದದ್ದನ್ನು ಕಳೆಯುವಂತೆ ಅದನ್ನು ಕಳೆದ ವರ್ಷವಷ್ಟೇ ತಿದ್ದಿದ್ದರು. ತಿದ್ದುಪಡಿಯನ್ನು ಸೂಚಿಸಿದವರು ಇಟಗಿಯವರೇ. ಯಂತ್ರ ಮೂವತ್ತು ದಿನ ತುಂಬಿತೆಂದು ಹೇಳಿತ್ತು. ಫಲಕದ ಮೇಲೆ ಐದನೆಯ ಹೆಸರಾಗಿ 'ದ್ಯಾಮಣ್ಣ ತಳವಾರ' ಎಂದು ಬಂಗಾರದ ಬಣ್ಣ ಇನ್ನೂ ಹಸಿಯಾಗಿತ್ತು. ಅವರು ಅದರ ಮೇಲಿನ ನಾಲ್ಕು ಹೆಸರುಗಳನ್ನು ಓದಿದರು. ಹನ್ನೊಂದು ವರ್ಷ ಅದೇ ದಾರಿಯಲ್ಲಿ ನಡೆದಾಡಿದ್ದರು; ಹೆಸರುಗಳಾಚೆ ಯೋಚಿಸಿರಲಿಲ್ಲ.

"ರೇಣುಕಾ, ಈ ನಾಕು ಮಂದಿ ಈಗ ಎಲ್ಲಿದ್ದಾರವಾ?"

"ನಾಲ್ಕನೆಯವರು ಮಗಳ ಊರಾಗದಾರ್ರೀ. ಉಳಿದ ಮೂವರೂ ತೀರಿಕೊಂಡ್ರಲ್ಲ ಸರ." ಅವಳು ಎಣಿಸುತ್ತಿದ್ದ ಬೆರಳು ನಿಂತಿತು. "ಸುಸ್ತು, ಜ್ವರ ಅಂತ ಮಲಗಿದ್ರಂತ. ಒಂದು ವರ್ಷದೊಳಗ ಹೋದ್ರು. ನಾನ ಹೂವಿನ ಹಾರ ಕಳಿಸಿದ್ದೆ."

ಇಬ್ಬರೂ ಫಲಕವನ್ನು ನೋಡುತ್ತ ನಿಂತರು. ಬಣ್ಣದವನು ಹೆಸರಿನ ಕೆಳಗೆ ಒಂದು ಗೆರೆ ಎಳೆಯಲೇ ಎಂದು ಕೇಳಿದ.

ತೀರಿಕೊಂಡ ಆ ಮೂವರ ರೋಗ ಏನಿತ್ತೆಂದು ವಿಚಾರಿಸಬೇಕು, ಗೆರೆ ಮಲಗಿದವನ ಬಳಿಗೆ ಮೊದಲು ವೈದ್ಯರು ಹೋಗಬೇಕು, ಆಮೇಲೆ ಪರೀಕ್ಷಕರು ಎಂದು ಇಟಗಿಯವರು ಮುಖ್ಯ ಕಚೇರಿಗೆ ತಿಳಿಸಿದರು. ಮೂರು ವಾರದ ಮೇಲೆ ಮುಖ್ಯ ಕಚೇರಿಯವರು ದೂರವಾಣಿಯಲ್ಲಿ ಹೇಳಿದ್ದು ಇಷ್ಟೇ: ನಿಧನರಾದ ಅಚಲರ ವಿಷಯ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಇನ್ನೊಂದು ಮಾತನ್ನೂ ಸೇರಿಸಿದರು. ದ್ಯಾಮಣ್ಣ ಇನ್ನು ಬದುಕಿದಷ್ಟು ದಿನವೂ ಸ್ಟೆರಾಯ್ಡ್ ಗುಳಿಗೆ ನುಂಗಲೇಬೇಕು ಎಂದಾದರೆ, ಅಂಥ ಗುಳಿಗೆ ನುಂಗುವವರನ್ನು ತೂಬಿನ ಮೇಲೆ ಇಡುವಂತಿಲ್ಲ. ವಜಾ ಆದೇಶಕ್ಕೆ ಪರೀಕ್ಷಕರ ಸಹಿ ಬೇಕು.

"ಮಾಡಂಗಿಲ್ಲರೀ" ಎಂದರು ಇಟಗಿಯವರು.

"ಕಾರಣ?"

"ಲೆಕ್ಕ ತಪ್ಪೈತಿ."

"ಯಾವ ಲೆಕ್ಕ?"

"ನಂದು. ಆಮ್ಯಾಲ ನಿಮ್ಮದು."

ಮರುದಿನ ಅವರು ಗೋದಾಮಿನಿಂದ ಸುಣ್ಣದ ಡಬ್ಬಿಯನ್ನು ಬಿಡಿಸಿಕೊಂಡು ಆಸ್ಪತ್ರೆಗೆ ಹೋದರು. ದ್ಯಾಮಣ್ಣ ಗೋಡೆಯ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದ. ತಲೆಯ ಕೂದಲು ದಿಂಬಿನ ಮೇಲೆ ಉದುರಿತ್ತು. ಫಕೀರವ್ವ ಕಾಲುದೆಸೆಯಲ್ಲಿ ಕುಳಿತಿದ್ದಳು. ಎದ್ದು ನಿಲ್ಲಲಿಲ್ಲ, ಕೂಡ್ರಿ ಎನ್ನಲಿಲ್ಲ.

"ಡಾಕ್ಟರ್ ಏನಂದ್ರಬೇ?"

"ಅರ್ಧಾ ಔಷಧ ಕೊಡಾಕತ್ತಾರ್ರೀ. ಪೂರ್ತಿ ಕೊಟ್ರ ತಡಕೊಳ್ಳೂದಿಲ್ಲಂತ. ಆ ಎರಡು ದಿನದಾಗ ಮೂತ್ರಪಿಂಡ ಸೊರಗಿದುವಂತ." ಅವಳ ದನಿ ಏರಲಿಲ್ಲ. "ಅರ್ಧಾ ಔಷಧಕ್ಕ ಪೂರಾ ರೋಗ ಹೋಗ್ತೈತೇನ್ರೀ? ನಾ ಸಾಲಿ ಕಲತಾಕಿ ಅಲ್ಲ. ನೀವು ಹೇಳ್ರಿ."

ಇಟಗಿಯವರು ಇದೇ ಪ್ರಶ್ನೆಯನ್ನು ಡಾಕ್ಟರ್ ಮುಲ್ಲಾ ಅವರಿಗೆ ಕೇಳಿದ್ದರು. ಪೂರ್ತಿ ಔಷಧಕ್ಕೂ ಅರ್ಧದಷ್ಟು ರೋಗಿಗಳೇ ಉಳಿಯುತ್ತಾರೆ, ಅರ್ಧ ಔಷಧದ ಮಾತು ಕೇಳಬೇಡಿ ಎಂದಿದ್ದರು ವೈದ್ಯೆ. ಇಟಗಿಯವರು ಮುದ್ರೆ ಒಡೆದ ಡಬ್ಬಿಯನ್ನು ಅವಳ ಮುಂದೆ ಹಿಡಿದರು.

ಫಕೀರವ್ವ ಮುಚ್ಚಳ ಬಿಚ್ಚಿದಳು. ಒಂದು ಚಿಟಿಕೆ ತೆಗೆದು ಅವರ ಅಂಗೈ ಮೇಲೆ ಹಾಕಿದಳು.

"ಈಗರೆ ನೋಡ್ರಿ."

ಇಟಗಿಯವರು ಅಂಗೈಯನ್ನು ಬಾಯಿಗೆ ಒಯ್ದರು. ಉಪ್ಪಾಗಿತ್ತು. ಕಾಲುವೆ ಒಡೆದಾಗ ನಾಲ್ಕು ದಿನ ಉಂಡ ರೊಟ್ಟಿಯ, ಪಲ್ಯದ, ಸಾರಿನ ಉಪ್ಪು. ಅವರ ಕೈಯಲ್ಲಿ ಬಳೆ ಇದ್ದಿದ್ದರೆ ಆ ಗಳಿಗೆಯಲ್ಲಿ ಅದರ ಗೆರೆ ಗೋಡೆಯನ್ನು ದಾಟಿ ಸೂರು ಮುಟ್ಟುತ್ತಿತ್ತು. ಇರಲಿಲ್ಲ, ಹಾಗಾಗಿ ಯಾವ ಯಂತ್ರವೂ ಅದನ್ನು ಕಾಣಲಿಲ್ಲ.

"ಉಪ್ಪ ಅಲ್ಲರೀ?" ಎಂದು ಕೇಳಿದಳು ಫಕೀರವ್ವ.

"ಉಪ್ಪಬೇ."

"ಹಂಗಾರ ಆ ಎರಡು ದಿನ ನಮಗ ತಿರುಗಿ ಕೊಡ್ರಿ."

ಅವಳು ಡಬ್ಬಿಯ ಮುಚ್ಚಳ ಹಾಕಿ, ನಿದ್ದೆಯಲ್ಲಿದ್ದ ಗಂಡನ ದಿಂಬಿನ ಕೆಳಗೆ ಇಟ್ಟಳು. ಇಟಗಿಯವರ ನಾಲಗೆಯ ಮೇಲೆ ಉಪ್ಪು ಕರಗಿತು. ಎರಡು ದಿನ ಬಾಕಿ ಉಳಿಯಿತು.